ಅಜ್ಜಿಯನ್ನು ಕೂರಿಸಬೇಡಿ: ಉಸಿರು, ನಡಿಗೆ ಮತ್ತು ನೆನಪಿನ ಒಂದು ಪಾಠ

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವು ನಾಲ್ಕು ಜನ ನಮ್ಮಲ್ಲೇ ಒಬ್ಬನ ಊರಿಗೆ ಹೋಗಿದ್ವಿ. ಹಾಸನ ಜಿಲ್ಲೆಯ ಒಂದು ಹಳ್ಳಿ. ಅವನ ಅಜ್ಜಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹಿತ್ತಲಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತರು. ಕೂತ ಮೇಲೂ ಉಸಿರು ಹತೋಟಿಗೆ ಬರಲು ಸುಮಾರು ಹೊತ್ತು ಬೇಕಾಯಿತು. ಆಮೇಲೆ ನಗುತ್ತಾ "ಏನು ಓದ್ತಿದ್ದೀರಪ್ಪಾ?" ಅಂತ ಕೇಳಿದರು. ಹೇಳಿದೆವು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಬೆಳಿಗ್ಗೆ ಇನ್‌ಹೇಲರ್ ತಗೊಂಡ್ರಾ ಅಂತ ಮೊಮ್ಮಗ ಕೇಳಿದರೆ ಅವರಿಗೆ ನೆನಪಿಲ್ಲ.

"ವಯಸ್ಸಾಯ್ತಲ್ಲ, ಮರೆವು ಇದ್ದಿದ್ದೇ" ಅಂದರು ಗೆಳೆಯನ ಅಮ್ಮ. ಅಜ್ಜಿ ಕೋಳಿಗೆ ಕಾಳು ಹಾಕೋಣ ಅಂತ ಎದ್ದರೆ ಮನೆಯವರೆಲ್ಲರದ್ದೂ ಒಂದೇ ಮಾತು: "ನೀವು ಸುಮ್ನೆ ಕೂತ್ಕೊಳ್ಳಿ." ನಾವೂ ಅದನ್ನೇ ಹೇಳಿದ್ವಿ. ಪ್ರೀತಿಯಿಂದಲೇ.

ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಒಂದು ಪ್ರಶ್ನೆ ಉಳಿದುಕೊಂಡಿತು. ಅಜ್ಜಿಯ ಉಸಿರಿಗೂ ಮರೆವಿಗೂ ಏನಾದರೂ ಸಂಬಂಧ ಇದೆಯಾ? ಓದುತ್ತಾ ಹೋದಂತೆ ಎರಡು ವಿಷಯ ತಿಳಿಯಿತು. ಸಂಬಂಧ ಇದೆ. ಮತ್ತೆ, ನಾವು ಪ್ರೀತಿಯಿಂದ ಹೇಳಿದ ಆ ಮಾತು ಅವರಿಗೆ ಒಳ್ಳೆಯದನ್ನು ಮಾಡುವ ಮಾತಲ್ಲ. ನಾವು ಡಾಕ್ಟರ್‌ಗಳಲ್ಲ, ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಆದ್ದರಿಂದ ನಮಗೆ ಅರ್ಥವಾದ ರೀತಿಯಲ್ಲೇ, ನಮಗೆ ಗೊತ್ತಿರುವ ಸರ್ಕ್ಯೂಟ್ ಲೆಕ್ಕದ ಸಹಾಯದಿಂದಲೇ ಈ ಪಾಠವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕಾಯಿಲೆಯ ಹೆಸರು ಸಿಒಪಿಡಿ

ಅಜ್ಜಿಗೆ ಇರುವುದು ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರದಂತೆ ಆಗುವ ದೀರ್ಘಕಾಲದ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸಾವುಗಳಿಗೆ ಇದು ಮೂರನೇ ದೊಡ್ಡ ಕಾರಣ. ಆ ಒಂದೇ ವರ್ಷ ಸುಮಾರು 32 ಲಕ್ಷ ಜನ ತೀರಿಕೊಂಡರು. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಇದ್ದ ರೋಗಿಗಳು 2016ರ ಹೊತ್ತಿಗೆ ಸುಮಾರು 5.5 ಕೋಟಿ ಆಗಿದ್ದರು ಎಂಬುದು ರೋಗಭಾರದ ಅಂದಾಜು.

ಸಿಒಪಿಡಿ ಅಂದರೆ ಬೀಡಿ ಸಿಗರೇಟಿನ ಕಾಯಿಲೆ ಅಂತಲೇ ನಾವೂ ಅಂದುಕೊಂಡಿದ್ದೆವು. ಅಜ್ಜಿ ಬೀಡಿ ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಸೌದೆ ಒಲೆ ಮುಂದೆ ಕೂತು ಊದುಗೊಳವೆ ಊದಿದವರು. ಇದನ್ನು ಅಳೆಯಲು ಸರಳವಾದ ಒಂದು ಸೂಚ್ಯಂಕ ಇದೆ: ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್ ಬರುವ ಅಪಾಯ ಗಣನೀಯವಾಗುತ್ತದೆ ಎಂದು ಕಂಡುಕೊಂಡಿತು. ಅಜ್ಜಿಯ ಲೆಕ್ಕ ಹಾಕಿದೆವು. ದಿನಕ್ಕೆ ಮೂರು ಗಂಟೆ, ನಲವತ್ತು ವರ್ಷ. 120. ನಿಮ್ಮ ಮನೆಯ ಹಿರಿಯರ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ.

ಕಾಯಿಲೆ ಖಚಿತವಾಗುವುದು ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ. ಪೂರ್ತಿ ಉಸಿರು ಎಳೆದುಕೊಂಡು ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಗೆ ಎಫ್‌ಇವಿ1 ಎನ್ನುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಒಟ್ಟು ಊದಿದ ಗಾಳಿಯಲ್ಲಿ ಎಫ್‌ಇವಿ1ರ ಪಾಲು 0.70ಕ್ಕಿಂತ ಕಡಿಮೆ ಇದ್ದರೆ ಗಾಳಿಯ ದಾರಿಯಲ್ಲಿ ಅಡಚಣೆ ಇದೆ ಎಂದರ್ಥ. ಎಫ್‌ಇವಿ1 ಎಂಬ ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಶ್ವಾಸಕೋಶ ಒಂದು ಆರ್‌ಸಿ ಸರ್ಕ್ಯೂಟ್

ಮೊದಲನೇ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ನೆನಪಿದೆಯಾ? ಕೆಪಾಸಿಟರ್ ಡಿಸ್‌ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು ಎಂಬುದನ್ನು ರೆಸಿಸ್ಟೆನ್ಸ್ ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧ, ಅಂದರೆ ಟೈಮ್ ಕಾನ್‌ಸ್ಟಂಟ್ ತೀರ್ಮಾನಿಸುತ್ತದೆ. ಶ್ವಾಸಕೋಶ ಖಾಲಿಯಾಗುವುದೂ ಹೆಚ್ಚುಕಡಿಮೆ ಹೀಗೇ. ಶ್ವಾಸನಾಳ ಒಡ್ಡುವ ತಡೆಯೇ ರೆಸಿಸ್ಟೆನ್ಸ್, ಶ್ವಾಸಕೋಶದ ಹಿಗ್ಗುವ ಗುಣವೇ ಕೆಪಾಸಿಟೆನ್ಸ್.

ಆರೋಗ್ಯವಂತರಲ್ಲಿ ತಡೆ ಲೀಟರ್/ಸೆಕೆಂಡ್ ಹರಿವಿಗೆ ಸುಮಾರು 2 ಸೆಂಟಿಮೀಟರ್ ನೀರಿನ ಒತ್ತಡ, ಹಿಗ್ಗುವ ಗುಣ ಒಂದು ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸುಮಾರು 0.1 ಲೀಟರ್. ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ 0.2 ಸೆಕೆಂಡ್. ಮೂರು ಟೈಮ್ ಕಾನ್‌ಸ್ಟಂಟ್‌ಗಳಲ್ಲಿ, ಅಂದರೆ ಅರ್ಧ ಸೆಕೆಂಡ್ ಸುಮಾರಿನಲ್ಲಿ, ಶೇ. 95ರಷ್ಟು ಗಾಳಿ ಹೊರಗೆ.

ಈಗ ಶ್ವಾಸನಾಳದ ತಡೆ ಐದು ಪಟ್ಟು ಹೆಚ್ಚಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಟೈಮ್ ಕಾನ್‌ಸ್ಟಂಟ್ 1 ಸೆಕೆಂಡ್ ಆಯಿತು. ಸುಮ್ಮನೆ ಕೂತಾಗ ನಿಮಿಷಕ್ಕೆ 15 ಉಸಿರು. ಪ್ರತಿ ಉಸಿರಿನ 4 ಸೆಕೆಂಡಿನಲ್ಲಿ ಹೊರಬಿಡಲು ಸುಮಾರು 2.5 ಸೆಕೆಂಡ್ ಸಿಗುತ್ತದೆ. ಶೇ. 92ರಷ್ಟು ಗಾಳಿ ಹೊರಗೆ ಹೋಗುತ್ತದೆ, ಹೇಗೋ ನಡೆಯುತ್ತದೆ. ಆದರೆ ಎದ್ದು ನಡೆದಾಗ ಉಸಿರಾಟ ನಿಮಿಷಕ್ಕೆ 30 ಆದರೆ ಹೊರಬಿಡಲು ಸಿಗುವುದು ಸುಮಾರು 1.2 ಸೆಕೆಂಡ್ ಮಾತ್ರ. ಶೇ. 70ರಷ್ಟು ಗಾಳಿ ಹೊರಗೆ, ಉಳಿದದ್ದು ಒಳಗೇ. ಅದರ ಮೇಲೆ ಮುಂದಿನ ಉಸಿರು, ಅದರ ಮೇಲೆ ಇನ್ನೊಂದು. ಎದೆ ಉಬ್ಬಿದಂತೆ ಆಗಿ ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ನಿಜವಾದ ಶ್ವಾಸಕೋಶ ಇಷ್ಟು ಸರಳ ಅಲ್ಲ, ಅದು ಬೇರೆಬೇರೆ ಬೆಲೆಯ ಸಾವಿರಾರು ಆರ್‌ಸಿಗಳ ಜಾಲ. ಆದರೂ ಅಜ್ಜಿ ಗೋಡೆ ಹಿಡಿದು ನಿಂತದ್ದು ಯಾಕೆ ಅಂತ ಈ ಲೆಕ್ಕದಿಂದ ಅರ್ಥವಾಗುತ್ತದೆ. ಅವರಿಗೆ ಕಷ್ಟ ಇದ್ದದ್ದು ಉಸಿರು ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಬಿಡುವುದರಲ್ಲಿ.

ಹೀಗೆ ಉಸಿರು ಸಿಕ್ಕಿಹಾಕಿಕೊಳ್ಳುವ ಭಯಕ್ಕೆ ಜನ ನಡೆಯುವುದನ್ನೇ ಬಿಡುತ್ತಾರೆ. ನಡೆಯದೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ. ಅದನ್ನು ಸರಿದೂಗಿಸಲು ಇನ್ನೂ ವೇಗವಾಗಿ ಉಸಿರಾಡಬೇಕು. ವೇಗವಾಗಿ ಉಸಿರಾಡಿದರೆ ಗಾಳಿ ಇನ್ನಷ್ಟು ಒಳಗೆ ಉಳಿಯುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್. "ಸುಮ್ನೆ ಕೂತ್ಕೊಳ್ಳಿ" ಅನ್ನುವ ಮಾತು ಈ ಲೂಪಿಗೆ ನಾವೇ ಕೊಡುವ ಗೇನ್.

ಮೆದುಳಿಗೆ ಏನಾಗುತ್ತದೆ?

ಮೆದುಳಿನ ತೂಕ ದೇಹದ ತೂಕದ ಸುಮಾರು ಶೇ. 2. ಆದರೆ ವಿಶ್ರಾಂತಿಯಲ್ಲಿ ದೇಹ ಬಳಸುವ ಆಕ್ಸಿಜನ್‌ನಲ್ಲಿ ಅದರ ಪಾಲು ಸುಮಾರು ಶೇ. 20. ಪೂರೈಕೆ ಕಡಿಮೆಯಾದರೆ ಪರಿಣಾಮ ಆಗದೇ ಇರುತ್ತದೆಯೇ?

1980ರಲ್ಲಿ ಫಲಿತಾಂಶ ಪ್ರಕಟವಾದ, ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ದೊಡ್ಡ ಆಕ್ಸಿಜನ್ ಚಿಕಿತ್ಸಾ ಅಧ್ಯಯನವೊಂದಿದೆ. ಅದರಲ್ಲಿದ್ದ, ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇದ್ದ 203 ಸಿಒಪಿಡಿ ರೋಗಿಗಳಿಗೆ ನೆನಪು, ಗಮನ, ಯೋಚನೆಗಳ ಪರೀಕ್ಷೆಗಳನ್ನೂ ಕೊಟ್ಟರು. 1982ರಲ್ಲಿ ಬಂದ ಆ ವರದಿಯ ಪ್ರಕಾರ ಶೇ. 42 ರೋಗಿಗಳಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಕೊರತೆ ಕಂಡಿತು. ಕಾಯಿಲೆ ಇಲ್ಲದ ಹೋಲಿಕೆ ಗುಂಪಿನಲ್ಲಿ ಅದು ಶೇ. 14. ಅಂದರೆ ವಯಸ್ಸೊಂದರಿಂದಲೇ ಬಂದ ಮರೆವು ಅಲ್ಲ.

ಆಕ್ಸಿಜನ್ ಒಂದೇ ಕಾರಣವೂ ಅಲ್ಲ. ದೇಹದಲ್ಲಿ ಸದಾ ಉರಿಯುವ ಉರಿಯೂತ, ರಕ್ತನಾಳಗಳ ತೊಂದರೆ, ರಾತ್ರಿ ಕೆಮ್ಮಿನಿಂದ ಕೆಡುವ ನಿದ್ದೆ, ಕೆಲವರಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್, ಆತಂಕ, ಖಿನ್ನತೆ, ಕೊನೆಗೆ ಮನೆಯ ಮೂಲೆಯಲ್ಲಿ ಒಬ್ಬರೇ ಕೂತಿರುವುದು, ಎಲ್ಲವೂ ಸೇರಿಕೊಳ್ಳುತ್ತವೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ ಚೆನ್ನಾಗಿಯೇ ಕಾಣುವವರಲ್ಲೂ ಮರೆವು ಇರಬಹುದು ಎನ್ನುವುದು ಇದಕ್ಕೇ.

ಇಲ್ಲಿ ಒಂದು ಪ್ರಾಯೋಗಿಕ ತೊಡಕು ಇದೆ. ಇನ್‌ಹೇಲರ್ ಬಳಸುವುದು ಒಂದು ಆಲ್ಗಾರಿದಮ್: ಅಲುಗಾಡಿಸು, ಪೂರ್ತಿ ಉಸಿರು ಬಿಡು, ಬಾಯಿಗಿಟ್ಟು ನಿಧಾನವಾಗಿ ಎಳೆಯುತ್ತಲೇ ಒತ್ತು, 10 ಸೆಕೆಂಡ್ ಹಿಡಿದಿಡು. ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಮರೆವಿನಿಂದ ಔಷಧ ತಪ್ಪುತ್ತದೆ, ಔಷಧ ತಪ್ಪಿದರೆ ಉಸಿರು ಕೆಡುತ್ತದೆ, ಉಸಿರು ಕೆಟ್ಟರೆ ಮತ್ತಷ್ಟು ಕೂರುತ್ತಾರೆ. ಎರಡನೇ ಫೀಡ್‌ಬ್ಯಾಕ್ ಲೂಪ್.

ನಡಿಗೆಯೇ ಔಷಧ

ಹಿಂದೆ ಡಾಕ್ಟರ್‌ಗಳೂ ಇಂಥ ರೋಗಿಗಳಿಗೆ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಅಮೆರಿಕದ ವೈದ್ಯ ಆಲ್ವನ್ ಬರಾಕ್ ಮತ್ತು ಜೊತೆಗಾರರು 1952ರಲ್ಲೇ, ಇವರನ್ನು ನಡೆಸಿ ದೇಹವನ್ನು ಮತ್ತೆ ಪಳಗಿಸಬೇಕು ಎಂದು ಬರೆದಿದ್ದರು. ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಅದೇ ಆಲೋಚನೆ ಪಲ್ಮನರಿ ರಿಹ್ಯಾಬಿಲಿಟೇಶನ್, ಅಂದರೆ ಶ್ವಾಸಕೋಶ ಪುನಶ್ಚೇತನ ಎಂಬ ಹೆಸರಿನಲ್ಲಿ ಸಿಒಪಿಡಿಯ ಮುಖ್ಯ ಚಿಕಿತ್ಸೆಗಳಲ್ಲಿ ಒಂದಾಗಿದೆ.

ಸಾಮಾನ್ಯವಾಗಿ ಇದು 8ರಿಂದ 12 ವಾರದ ಕಾರ್ಯಕ್ರಮ, ವಾರಕ್ಕೆ ಎರಡು ಮೂರು ಸಲ. ನಡಿಗೆ ಅಥವಾ ಸೈಕಲ್, ಕೈಕಾಲಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಉಸಿರಾಟದ ತಂತ್ರಗಳು, ಇನ್‌ಹೇಲರ್ ಪಾಠ, ಊಟ, ಆತಂಕದ ಬಗ್ಗೆ ಮಾತುಕತೆ. ಎಷ್ಟು ಜೋರಾಗಿ ಮಾಡಬೇಕು ಎಂಬುದಕ್ಕೆ ಬೋರ್ಗ್ ಮಾಪಕ ಇದೆ. ಉಬ್ಬಸ ಸೊನ್ನೆಯಿಂದ 10ರವರೆಗೆ ಎಷ್ಟು ಅಂತ ರೋಗಿಯೇ ಹೇಳಬೇಕು. 4ರಿಂದ 6ರ ನಡುವೆ ಇದ್ದರೆ ಸರಿ. ಅಂದರೆ ಸ್ವಲ್ಪ ಏದುಸಿರು ಬರಲೇಬೇಕು. ಏದುಸಿರು ಬಂದ ಕೂಡಲೇ ಗಾಬರಿಯಾಗಿ ಕೂರಿಸುವ ನಮಗೆ ಇದು ಹೊಸ ಪಾಠ.

ಇನ್ನೂ ಆಶ್ಚರ್ಯ ಮುಂದಿದೆ. ಇಷ್ಟೆಲ್ಲಾ ಮಾಡಿದ ಮೇಲೆ ಸ್ಪೈರೋಮೆಟ್ರಿ ಮಾಡಿದರೆ ಎಫ್‌ಇವಿ1 ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಾಳಾದ ಶ್ವಾಸಕೋಶ ರಿಪೇರಿ ಆಗುವುದಿಲ್ಲ. ಹಾಗಾದರೆ ಸುಧಾರಿಸಿದ್ದು ಏನು? ಲೋಡ್. ಪಳಗಿದ ಸ್ನಾಯು ಅದೇ ಕೆಲಸಕ್ಕೆ ಕಡಿಮೆ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಅದರಿಂದ ಬೇಕಾದ ಉಸಿರಾಟವೂ ಕಡಿಮೆ. ಕಸಾಬುರಿ ಮತ್ತು ಸಂಗಡಿಗರು 1991ರಲ್ಲಿ ಸಿಒಪಿಡಿ ಇರುವವರಲ್ಲಿ ಇದನ್ನು ಅಳೆದೇ ತೋರಿಸಿದರು. ಉಸಿರು ನಿಧಾನವಾದರೆ ಹೊರಬಿಡಲು ಹೆಚ್ಚು ಸಮಯ ಸಿಗುತ್ತದೆ. ನಮ್ಮ ಆರ್‌ಸಿ ಲೆಕ್ಕದಲ್ಲಿ 1.2 ಸೆಕೆಂಡ್ ಇದ್ದದ್ದು 1.6 ಆದರೂ ಸಾಕು, ಹೊರಹೋಗುವ ಗಾಳಿ ಶೇ. 70ರಿಂದ 80ಕ್ಕೆ ಏರುತ್ತದೆ. ಸೋರ್ಸ್ ಬದಲಾಯಿಸಲು ಆಗದಿದ್ದರೆ ಲೋಡಿನ ಎಫಿಶಿಯೆನ್ಸಿ ಹೆಚ್ಚಿಸು. ನಮ್ಮ ಮೇಷ್ಟ್ರು ಹೇಳುವುದೂ ಇದನ್ನೇ ಅಲ್ಲವೇ?

2015ರಲ್ಲಿ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳನ್ನು, ಒಟ್ಟು 3822 ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಉಬ್ಬಸ, ಆಯಾಸ, ಬದುಕಿನ ಗುಣಮಟ್ಟ, ನಡೆಯುವ ಶಕ್ತಿ, ಎಲ್ಲದರಲ್ಲೂ ಪುನಶ್ಚೇತನದಿಂದ ಲಾಭ ಇದೆ ಎಂಬುದು ಸ್ಪಷ್ಟವಾಯಿತು.

ಹಾಗಾದರೆ ನೆನಪು?

ನಾವು ಹುಡುಕಿಕೊಂಡು ಹೊರಟದ್ದು ಇದನ್ನೇ. ಇಲ್ಲಿ ಉತ್ತರ ಅಷ್ಟು ಜೋರಾಗಿಲ್ಲ, ಆದರೆ ಇದೆ.

1998ರಲ್ಲಿ ಅಮೆರಿಕದ ಚಾರ್ಲ್ಸ್ ಎಮೆರಿ ಮತ್ತು ಸಂಗಡಿಗರು 79 ಸಿಒಪಿಡಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೊದಲ ಗುಂಪಿಗೆ ವ್ಯಾಯಾಮ, ಜೊತೆಗೆ ಕಾಯಿಲೆಯ ಬಗ್ಗೆ ಪಾಠ ಮತ್ತು ಒತ್ತಡ ನಿಭಾಯಿಸುವ ತರಬೇತಿ. ಎರಡನೇ ಗುಂಪಿಗೆ ಪಾಠ ಮತ್ತು ತರಬೇತಿ ಮಾತ್ರ, ವ್ಯಾಯಾಮ ಇಲ್ಲ. ಮೂರನೆಯವರು ಕಾಯುವ ಪಟ್ಟಿಯಲ್ಲಿ. ಹತ್ತು ವಾರದ ನಂತರ ಮೊದಲ ಗುಂಪಿನವರ ದೈಹಿಕ ಶಕ್ತಿ ಹೆಚ್ಚಿತ್ತು, ಆತಂಕ ತಗ್ಗಿತ್ತು, ಮತ್ತೆ ಪದಗಳನ್ನು ಬೇಗಬೇಗ ನೆನಪಿಸಿಕೊಂಡು ಹೇಳುವ ಪರೀಕ್ಷೆಯಲ್ಲಿ ಅವರು ಸುಧಾರಿಸಿದ್ದರು. ಉಳಿದ ಎರಡು ಗುಂಪುಗಳಲ್ಲಿ ಆ ಸುಧಾರಣೆ ಇರಲಿಲ್ಲ.

ಮೂರು ಗುಂಪು ಯಾಕೆ ಬೇಕಿತ್ತು? ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ನಮಗೂ ಎರಡು ಮಾರ್ಕ್ಸ್ ಜಾಸ್ತಿ ಬರುತ್ತದೆ. ಅದು ಅಭ್ಯಾಸದ ಫಲ, ವ್ಯಾಯಾಮದ್ದಲ್ಲ. ನಾಲ್ಕು ಜನ ಸೇರಿ ಮಾತಾಡಿದರೂ ಮನಸ್ಸು ಹಗುರಾಗಿ ಅಂಕ ಏರಬಹುದು. ಎರಡನೇ, ಮೂರನೇ ಗುಂಪುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ವ್ಯಾಯಾಮದ ಪಾಲು ಎಷ್ಟು ಅಂತ ಬೇರ್ಪಡಿಸಲು ಸಾಧ್ಯ.

2003ರಲ್ಲಿ ಅದೇ ತಂಡ ವ್ಯಾಯಾಮ ಕಲಿತವರ ಒಂದು ವರ್ಷದ ನಂತರದ ಸ್ಥಿತಿಯನ್ನು ಪ್ರಕಟಿಸಿತು. ವ್ಯಾಯಾಮ ಮುಂದುವರಿಸಿದವರು ಗಳಿಸಿದ್ದನ್ನು ಉಳಿಸಿಕೊಂಡಿದ್ದರು. ಬಿಟ್ಟವರು ದೇಹದಲ್ಲೂ ಯೋಚನೆಯ ಪರೀಕ್ಷೆಗಳಲ್ಲೂ ಹಿಂದಕ್ಕೆ ಜಾರಿದ್ದರು. ನಮ್ಮ ಮಟ್ಟಿಗೆ ಈ ಇಡೀ ಓದಿನಲ್ಲಿ ಮುಖ್ಯ ಪಾಠ ಇದು. ಹತ್ತು ವಾರದ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಳ್ಳುವ ವಿಷಯ ಅಲ್ಲ ಇದು. ದಿನವೂ ಹಲ್ಲುಜ್ಜಿದ ಹಾಗೆ.

ವ್ಯಾಯಾಮ ಮೆದುಳಿಗೆ ತಲುಪುವ ದಾರಿ ಯಾವುದು? 2011ರಲ್ಲಿ ಬಂದ ಪ್ರಸಿದ್ಧ ಅಧ್ಯಯನವೊಂದರಲ್ಲಿ 120 ಆರೋಗ್ಯವಂತ ಹಿರಿಯರಲ್ಲಿ ಅರ್ಧ ಜನ ಒಂದು ವರ್ಷ ನಡೆದರು, ಉಳಿದವರು ಮೈ ಸಡಿಲಿಸುವ ವ್ಯಾಯಾಮ ಮಾಡಿದರು. ನಡೆದವರ ಮೆದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಇನ್ನೊಂದು ಗುಂಪಿನಲ್ಲಿ ಕುಗ್ಗಿತ್ತು. ಅವರು ಸಿಒಪಿಡಿ ರೋಗಿಗಳಲ್ಲ, ಅದನ್ನು ಮರೆಯಬಾರದು. ರೋಗಿಗಳಲ್ಲಿ ನಡೆದ ಪ್ರಯೋಗಗಳು ಚಿಕ್ಕವು, ಬಳಸಿದ ಪರೀಕ್ಷೆಗಳು ಬೇರೆಬೇರೆ, ಎಮೆರಿ ಪ್ರಯೋಗದಲ್ಲೂ ಎಲ್ಲಾ ಪರೀಕ್ಷೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. "ನಡೆದರೆ ಮರೆವು ಹೋಗುತ್ತೆ" ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ. ಆದರೆ ನಡಿಗೆಯಿಂದ ಉಸಿರಿಗೆ ಖಂಡಿತ ಲಾಭ, ಮನಸ್ಸಿಗೆ ಲಾಭ, ಯೋಚನೆಗೂ ಸ್ವಲ್ಪ ಲಾಭ ಆಗುವ ಸಾಧ್ಯತೆ ಇದೆ. ಕೂರುವುದರಿಂದ ಈ ಮೂರರಲ್ಲಿ ಒಂದಕ್ಕೂ ಲಾಭ ಇಲ್ಲ.

ಅಳೆಯುವುದು ಹೇಗೆ?

ನಡಿಗೆಯನ್ನು ಅಳೆಯಲು ಆರು ನಿಮಿಷದ ನಡಿಗೆ ಪರೀಕ್ಷೆ ಇದೆ. 30 ಮೀಟರ್ ಉದ್ದದ ಸಮತಟ್ಟಾದ ಕಾರಿಡಾರ್, ಒಂದು ಸ್ಟಾಪ್‌ವಾಚ್, ಎರಡು ಗುರುತು. ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂದು ಬರೆದುಕೊಳ್ಳುತ್ತಾರೆ. ಬೇಕಾದರೆ ನಡುವೆ ನಿಲ್ಲಬಹುದು. ಚಿಕಿತ್ಸೆಯ ನಂತರ ಸುಮಾರು 30 ಮೀಟರ್ ಹೆಚ್ಚಾದರೆ ಅದು ರೋಗಿಯ ಬದುಕಿಗೆ ಅರ್ಥವುಳ್ಳ ಸುಧಾರಣೆ. ನಮಗೆ 30 ಮೀಟರ್ ಏನೂ ಅಲ್ಲ. ಅಜ್ಜಿಗೆ ಅದು ಹಿತ್ತಲಿನಿಂದ ಜಗಲಿ.

ಯೋಚನೆಯನ್ನು ಅಳೆಯುವುದು ಇನ್ನೂ ಸೂಕ್ಷ್ಮ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂಬುದು ಒಂದು ಪರೀಕ್ಷೆ. ಇಂಥ ಅಕ್ಷರದಿಂದ ಶುರುವಾಗುವ ಪದ ಹೇಳಿ ಎಂಬುದು ಇನ್ನೊಂದು. ಶಾಲೆಗೆ ಹೋಗದ ಅಜ್ಜಿಗೆ ಎರಡನೆಯದನ್ನು ಕೊಟ್ಟು ಅಂಕ ಕಡಿಮೆ ಬಂತು ಅಂದರೆ ತಪ್ಪು ಅಜ್ಜಿಯದ್ದಲ್ಲ, ಅಳತೆಗೋಲಿನದ್ದು. ಐಸಿಎಂಆರ್ ಭಾರತೀಯ ಭಾಷೆಗಳಿಗಾಗಿ ಸಿದ್ಧಪಡಿಸಿರುವ ಪರೀಕ್ಷೆಗಳ ಕಟ್ಟಿನಲ್ಲಿ ಕನ್ನಡವೂ ಇದೆ ಎಂದು ತಿಳಿದು ನಮ್ಮ ಸಂಘದವರಿಗೆಲ್ಲ ಖುಷಿಯಾಯಿತು. ಕನ್ನಡದ ಕೆಲಸ ಅಂದರೆ ರಾಜ್ಯೋತ್ಸವ ಒಂದೇ ಅಲ್ಲವಲ್ಲ.

ಮನೆಯಲ್ಲಿ ಏನು ಮಾಡಬಹುದು?

ಮೊದಲ ಹೆಜ್ಜೆ ಡಾಕ್ಟರ್ ಹತ್ತಿರ ಹೋಗುವುದು. ಸ್ಪೈರೋಮೆಟ್ರಿ ಆಗಿದೆಯಾ, ಹೃದಯ ಸರಿ ಇದೆಯಾ, ವ್ಯಾಯಾಮ ಶುರು ಮಾಡಬಹುದಾ, ಎಷ್ಟು ಮಾಡಬಹುದು ಎಂಬುದನ್ನು ಶ್ವಾಸಕೋಶ ತಜ್ಞರು, ಫಿಸಿಯೋಥೆರಪಿಸ್ಟ್ ನೋಡಿ ಹೇಳಬೇಕು. ಆಕ್ಸಿಜನ್ ತೀರಾ ಕಡಿಮೆ ಇದ್ದರೆ ಅದರ ಚಿಕಿತ್ಸೆಯೇ ಬೇರೆ. ಎದೆನೋವು, ತಲೆ ಸುತ್ತು ಬಂದರೆ, ಅಥವಾ ಆಕ್ಸಿಮೀಟರ್ ಡಾಕ್ಟರ್ ಹೇಳಿದ ಮಟ್ಟಕ್ಕಿಂತ ಕೆಳಗೆ ತೋರಿಸಿದರೆ ತಕ್ಷಣ ನಿಲ್ಲಿಸಬೇಕು. ಅವರು ಒಪ್ಪಿಗೆ ಕೊಟ್ಟ ಮೇಲೆ ನಮ್ಮ ಕೆಲಸ ಶುರು.

ಒಂದು, ಜೊತೆಗೆ ನಡೆಯಿರಿ. ಅವರ ವೇಗಕ್ಕೆ ನೀವು ಇಳಿಯಿರಿ. ನಿಂತರೆ ನೀವೂ ನಿಲ್ಲಿ. "ಸಾಕು, ಕೂತ್ಕೊಳ್ಳಿ" ಅನ್ನುವ ಬದಲು "ಸ್ವಲ್ಪ ನಿಂತು ಹೋಗೋಣ" ಅನ್ನಿ.

ಎರಡು, ತುಟಿ ಮುಂದೆ ಮಾಡಿ ಉಸಿರು ಬಿಡುವುದನ್ನು ಅಭ್ಯಾಸ ಮಾಡಿಸಿ. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ಬಿಸಿ ಕಾಫಿ ಆರಿಸುವ ಹಾಗೆ ನಾಲ್ಕು ಎಣಿಸುವಷ್ಟು ಹೊರಗೆ. ಶ್ವಾಸನಾಳ ಬೇಗ ಮುಚ್ಚಿಕೊಳ್ಳದೆ ಗಾಳಿ ಹೊರಬರಲು ಇದರಿಂದ ಸಮಯ ಸಿಗುತ್ತದೆ. ನಮ್ಮ ಅಜ್ಜಿಗೆ ಇದನ್ನು ಹೇಳಿಕೊಡುವುದೇ ಬೇಕಾಗಲಿಲ್ಲ. "ಊದುಗೊಳವೆ ಊದೋ ಹಾಗೆ ತಾನೆ? ಆದ್ರೆ ಮೆಲ್ಲಗೆ" ಅಂದರು.

ಮೂರು, ಒಂದೇ ಸಲಕ್ಕೆ ಹತ್ತು ವಿಷಯ ಹೇಳಬೇಡಿ. ಇನ್‌ಹೇಲರ್ ಕ್ರಮವನ್ನು ಹೇಳಿದ ಮೇಲೆ "ಗೊತ್ತಾಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈಗ ನಂಗೆ ಮಾಡಿ ತೋರಿಸಿ ಅಜ್ಜಿ" ಅನ್ನಿ. ದೇವರ ದೀಪ ಹಚ್ಚಿದ ಮೇಲೆ ಇನ್‌ಹೇಲರ್, ಕಾಫಿ ಆದ ಮೇಲೆ ನಡಿಗೆ, ಹೀಗೆ ಈಗಾಗಲೇ ಇರುವ ಅಭ್ಯಾಸಕ್ಕೆ ಕಟ್ಟಿದರೆ ಮರೆಯುವುದು ಕಡಿಮೆ.

ನಾಲ್ಕು, ಒಲೆಯ ಹೊಗೆ ನಿಲ್ಲಿಸಿ. ಗ್ಯಾಸ್ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ ಹಂಡೆ ಒಲೆ ಉರಿಯುತ್ತಲೇ ಇರುತ್ತದೆ, ಅದನ್ನು ಹೊತ್ತಿಸುವ ಕೆಲಸ ಹೆಚ್ಚಾಗಿ ಅಜ್ಜಿಯದ್ದೇ.

ಐದನೆಯದು ನಮ್ಮಂಥವರಿಗೇ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೀರಾ? ಹೆಜ್ಜೆ ಎಣಿಸಿ, ಕನ್ನಡದಲ್ಲೇ ಮಾತಾಡಿ, "ಅಜ್ಜಿ, ಉಸಿರು ನಿಧಾನ ಬಿಡಿ" ಅಂತ ನೆನಪಿಸುವ ಸಣ್ಣ ಸಾಧನ ಮಾಡಿ. ಓದು ಬಾರದವರಿಗೂ, ಮರೆವು ಇರುವವರಿಗೂ ಒಂದೇ ಬಟನ್‌ನಲ್ಲಿ ನಡೆಯಬೇಕು ಎಂಬುದೇ ಡಿಸೈನಿನ ಷರತ್ತು.

ಕೊನೆಗೆ ಅಜ್ಜಿಯ ವಿಷಯ. ಡಾಕ್ಟರ್ ನೋಡಿ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಮೇಲೆ ಅವರು ದಿನವೂ ಸಂಜೆ ನಡೆಯುತ್ತಿದ್ದಾರೆ. ಕೋಳಿಗೆ ಕಾಳು ಹಾಕುವುದು ಮತ್ತೆ ಅವರದ್ದೇ ಕೆಲಸ. ಹೋದ ತಿಂಗಳು ಹೋಗಿದ್ದಾಗ ಹಿತ್ತಲಿನಿಂದ ಜಗಲಿಗೆ ಬರುವಾಗ ಒಂದೇ ಸಲ ನಿಂತರು. ಮರೆವು? "ಏನು ಓದ್ತಿದ್ದೀರಪ್ಪಾ?" ಅಂತ ಈ ಸಲವೂ ಎರಡು ಸಲ ಕೇಳಿದರು. ಇರುವುದು ಒಬ್ಬರೇ ಅಜ್ಜಿ, ಹೋಲಿಸಲು ಇನ್ನೊಂದು ಗುಂಪಿಲ್ಲ, ಆದ್ದರಿಂದ ನಾವು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಎರಡು ಸಲವೂ ಉತ್ತರ ಹೇಳಿ, ಅವರ ಜೊತೆ ಕೆರೆ ಏರಿಯವರೆಗೆ ನಡೆದು ಬಂದೆವು.

ಮುಂದಿನ ರಜೆಗೆ ಊರಿಗೆ ಹೋದಾಗ ನೀವೂ ನಿಮ್ಮ ಮನೆಯಲ್ಲಿ ಒಮ್ಮೆ ಗಮನಿಸಿ. ಯಾರನ್ನಾದರೂ ಪ್ರೀತಿಯಿಂದ ಕೂರಿಸಿಬಿಟ್ಟಿದ್ದೀರಾ?